ವೆಲಿಂಗ್ಟನ್‌ನಲ್ಲಿ ಎರಡು ದಿನ: ಹಕ್ಕಿ ನೋಡಲು ಯಾವ ಜಾಗ ಒಳ್ಳೇದು?

ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್‌ನಲ್ಲಿ ನನಗೆ ಸಿಕ್ಕಿದ್ದು ಎರಡೇ ದಿನ. ನವೆಂಬರ್ ತಿಂಗಳು, ಅಲ್ಲಿ ಅದು ವಸಂತಕಾಲ. ಬೆಳಿಗ್ಗೆ ಕಿಟಕಿ ತೆಗೆದರೆ ಕಂಡದ್ದು ಗುಬ್ಬಚ್ಚಿ, ಸ್ಟಾರ್ಲಿಂಗ್, ಬ್ಲ್ಯಾಕ್‌ಬರ್ಡ್. ಮೂರೂ 19ನೇ ಶತಮಾನದಲ್ಲಿ ಬ್ರಿಟನ್‌ನಿಂದ ಬಂದು ನೆಲೆಸಿದವರು ತಂದು ಬಿಟ್ಟ ಹಕ್ಕಿಗಳು. ಅಷ್ಟು ದೂರ ಹೋಗಿ ಇವನ್ನೇ ನೋಡಿಕೊಂಡು ಬರಲು ಮನಸ್ಸಾಗಲಿಲ್ಲ. ನನಗೆ ಬೇಕಿದ್ದದ್ದು ಆ ಮಣ್ಣಿನದೇ ಹಕ್ಕಿಗಳು. ಅದಕ್ಕಾಗಿ ಮೂರು ಜಾಗ ಸುತ್ತಿದೆ: ಜೀಲ್ಯಾಂಡಿಯಾ ಅನ್ನುವ ವನ್ಯಜೀವಿ ಧಾಮ, ಒಟಾರಿ-ವಿಲ್ಟನ್ಸ್ ಬುಷ್, ಮತ್ತೆ ಬಂದರಿನೊಳಗಿನ ಮಾಟಿಯು/ಸೋಮ್ಸ್ ದ್ವೀಪ.

ಮೊದಲ ದಿನ ಜೀಲ್ಯಾಂಡಿಯಾ. ಊರಿನ ನಡುವಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಹಿಂದೆ ನಗರಕ್ಕೆ ಕುಡಿಯುವ ನೀರು ಕೊಡುತ್ತಿದ್ದ ಕಣಿವೆ ಇದು, 225 ಹೆಕ್ಟೇರ್. ಸುತ್ತಲೂ 8.6 ಕಿಲೋಮೀಟರ್ ಬೇಲಿ. 1999ರಲ್ಲಿ ಹಾಕಿ ಮುಗಿಸಿದ ಈ ಬೇಲಿಯೇ ಇಲ್ಲಿ ಎಲ್ಲಕ್ಕೂ ಮೂಲ. ನ್ಯೂಜಿಲೆಂಡಿನಲ್ಲಿ ಮನುಷ್ಯ ಕಾಲಿಡುವ ಮೊದಲು ನೆಲದ ಮೇಲೆ ಓಡಾಡಿ ಬೇಟೆಯಾಡುವ ಸಸ್ತನಿಗಳೇ ಇರಲಿಲ್ಲ. ಆಮೇಲೆ ಬಂದ ಇಲಿ, ಮುಂಗುಸಿಯಂಥ ಸ್ಟೋಟ್, ಮರ ಹತ್ತುವ ಪಾಸಮ್‌ಗಳು ಮೊಟ್ಟೆ, ಮರಿ ಎಲ್ಲವನ್ನೂ ತಿಂದು ಹಾಕಿದವು. ಅವು ಒಳಗೆ ಬಾರದಿರಲಿ ಅಂತಲೇ ಈ ಬೇಲಿ. ಹಾಗಾಗಿ ಒಳಗೆ ಹೋಗುವಾಗ ನಮ್ಮ ಬ್ಯಾಗಿನಲ್ಲಿ ಇಲಿ ಸೇರಿಕೊಂಡಿಲ್ಲವಾ ಅಂತ ನೋಡಿಕೊಳ್ಳಬೇಕು. ನಾನೂ ಜಿಪ್ ತೆಗೆದು ಕೈ ಹಾಕಿ ನೋಡಿದೆ.

ಒಳಗೆ ಹೋಗಿ ಹತ್ತು ನಿಮಿಷ ಆಗಿರಬಹುದು, ಟೊಟೊವಾಯ್ ಅನ್ನುವ ಪುಟ್ಟ ಬೂದು ಹಕ್ಕಿ ದಾರಿಗೆ ಇಳಿಯಿತು. ತೆಳ್ಳನೆಯ ಉದ್ದ ಕಾಲು, ಹೊಟ್ಟೆ ಬಿಳಿ. ಸುಮ್ನೆ ನಿಂತೆ. ನನ್ನ ಶೂ ಪಕ್ಕದಲ್ಲಿ ಎಲೆ ಅಲುಗಿದ್ದೇ ತಡ, ಹಾರಿ ಬಂದು ಏನೋ ಹುಳ ಹೆಕ್ಕಿತು. ಬೈನಾಕ್ಯುಲರ್‌ನಲ್ಲಿ ಫೋಕಸ್ಸೇ ಆಗದಷ್ಟು ಹತ್ತಿರ! ಇನ್ನೂ ಮೇಲೆ ಹೋದರೆ ಹಿಹಿ ಅನ್ನುವ ಪುಟ್ಟ ಹಕ್ಕಿಗೆ ಸಕ್ಕರೆ ನೀರು ಇಡುವ ಪಂಜರ. ಅದರ ಕಿಂಡಿ ಎಷ್ಟು ಚಿಕ್ಕದೆಂದರೆ ದೊಡ್ಡ ಟೂಯಿ ಹಕ್ಕಿ ಒಳಗೆ ನುಗ್ಗಲಾರದು. ಕಾಕಾಗೆ ಬೇರೆ ಥರದ ಡಬ್ಬ. ಹೆಸರು ಕೇಳಿ ಕಾಗೆ ಅಂದುಕೊಳ್ಳಬೇಡಿ, ಅದು ಕಂದು ಬಣ್ಣದ ದೊಡ್ಡ ಗಿಳಿ. ಮುಂದಿನ ಹಲಗೆಯ ಮೇಲೆ ಅದು ಕಾಲಿಟ್ಟರೆ ಅದರ ಭಾರಕ್ಕೆ ಮುಚ್ಚಳ ತೆರೆಯುತ್ತದೆ. ಚಿಕ್ಕ ಹಕ್ಕಿ ಎಷ್ಟು ಕುಣಿದರೂ ತೆರೆಯುವುದಿಲ್ಲ. ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಕಾಕಾ ಒಂದು ಕಾಲಲ್ಲಿ ಕಾಳು ಹಿಡಿದು, ಇನ್ನೊಂದು ಕಾಲಲ್ಲಿ ನಿಂತು, ನಿಧಾನವಾಗಿ ತಿನ್ನುತ್ತಿತ್ತು. ಈ ಗಿಳಿಗಳನ್ನು 2002ರಿಂದ ಇಲ್ಲಿಗೆ ತಂದು ಬಿಟ್ಟರು. ಈಗ ಅವು ಬೇಲಿ ದಾಟಿ ಊರಿನ ಮನೆಗಳ ಮೇಲೂ ಹಾರಾಡುತ್ತವೆ.

ಒಂದು ಕೊರತೆ ಇದೆ. ಟಿಕೆಟ್ ಕೊಳ್ಳಬೇಕು, ಜನ ಜಾಸ್ತಿ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕೆಳಗಿನ ದಾರಿಯಲ್ಲಿ ಹಕ್ಕಿ ದನಿಗಿಂತ ಮಾತಿನ ಸದ್ದೇ ಹೆಚ್ಚಿತ್ತು. ಕೆರೆ ದಾಟಿ ಮೇಲಿನ ದಾರಿ ಹಿಡಿದ ಮೇಲೆ ಸರಿಹೋಯಿತು.

ಮರುದಿನ ಬೆಳಿಗ್ಗೆ ಒಟಾರಿ. ಇದಕ್ಕೆ ದುಡ್ಡಿಲ್ಲ, ಬೇಲಿಯೂ ಇಲ್ಲ. ನ್ಯೂಜಿಲೆಂಡಿನದೇ ಗಿಡಮರಗಳನ್ನು ಮಾತ್ರ ಬೆಳೆಸುವ ತೋಟ, ಅದರ ಹಿಂದೆ ಹಳೆಯ ಕಾಡು. ಇಲ್ಲಿ ಹಕ್ಕಿ ತಾನಾಗಿ ಕಾಲ ಬುಡಕ್ಕೆ ಬರುವುದಿಲ್ಲ, ಕಿವಿ ಕೊಟ್ಟು ಹುಡುಕಬೇಕು. ಮರದ ತಲೆಗಳ ಮಟ್ಟಕ್ಕೆ ಕಟ್ಟಿದ ಸೇತುವೆ ಮೇಲೆ ನಿಂತಿದ್ದೆ. ತಲೆ ಮೇಲೆ ಭರ್ ಭರ್ ಅಂತ ಸದ್ದು. ಕೆರೆರೂ! ಹಸಿರು-ನೇರಳೆ ಮೈ, ಬಿಳಿ ಎದೆಯ ದಪ್ಪ ಕಾಡು ಪಾರಿವಾಳ. ಕೊಂಬೆ ಬಾಗುವಷ್ಟು ಭಾರ. ಒಂದು ಟೂಯಿಯಂತೂ ಹಾರಕೆಕೆ ಅನ್ನುವ ಅಲ್ಲಿನ ಗಿಡದ ಹೂವಿನ ಕಡ್ಡಿ ಮೇಲೆ ಕೂತು ಕೊಳಲಿನ ಥರ ಎರಡು ಸ್ವರ, ಹಿಂದೆಯೇ ಕೆಮ್ಮು, ಕಟಕಟ ಸದ್ದು ಎಲ್ಲ ಮಾಡಿತು. ಕತ್ತಿನ ಬಿಳಿ ಗರಿಯ ಉಂಡೆ ಪ್ರತಿ ಸ್ವರಕ್ಕೂ ಕುಣಿಯುತ್ತಿತ್ತು. ಎರಡು ಗಂಟೆಯಲ್ಲಿ ಅಲ್ಲಿನದೇ ಹಕ್ಕಿಗಳು ಐದು ಬಗೆ ಸಿಕ್ಕವು. ಜೀಲ್ಯಾಂಡಿಯಾದಲ್ಲಿ ಹದಿಮೂರು ಸಿಕ್ಕಿದ್ದವು. ಆದರೂ ಹುಡುಕಿ ಕಂಡ ಆ ಕೆರೆರೂ ಕೊಟ್ಟ ಖುಷಿ ಬೇರೆಯೇ.

ದ್ವೀಪದ ಬಗ್ಗೆ ಹೇಳುವುದು ಕಡಿಮೆ. ದೋಣಿ ಪ್ರಯಾಣ ಚೆನ್ನಾಗಿದೆ, ಇಳಿದ ಕೂಡಲೇ ಇಲ್ಲೂ ಬ್ಯಾಗ್ ತಪಾಸಣೆ. ಕೆಂಪು ನೆತ್ತಿಯ ಹಸಿರು ಗಿಳಿ ಕಾಕಾರಿಕಿ ಹುಲ್ಲಿನಲ್ಲಿ ಮೇಯುತ್ತಿದ್ದದ್ದನ್ನು ಕಣ್ತುಂಬ ನೋಡಿದೆ. ಪುಟ್ಟ ನೀಲಿ ಪೆಂಗ್ವಿನ್ ಗೂಡು ಇಲ್ಲಿವೆ ಅಂತ ಆಸೆಯಿಂದ ಹೋಗಿದ್ದೆ. ಆದರೆ ಅವು ಹಗಲೆಲ್ಲ ಕಡಲಲ್ಲೋ ಬಿಲದಲ್ಲೋ ಇರುತ್ತವೆ, ಕತ್ತಲಾದ ಮೇಲೆ ದಡ ಹತ್ತುತ್ತವೆ. ಹಗಲಿನ ದೋಣಿಯಲ್ಲಿ ಹೋದವರಿಗೆ ಕಾಣುವುದು ಅಪರೂಪ. ಅವತ್ತು ಗಾಳಿ ಬೇರೆ ಜೋರು, ಪೊದೆಯ ಹಕ್ಕಿಗಳೆಲ್ಲ ಅಡಗಿದ್ದವು. ಮುಂದಿನ ದೋಣಿಗೆ ಕಾದದ್ದೂ ಸೇರಿ ಅರ್ಧ ದಿನ ಹೋಯಿತು.

ನಿಮಗೆ ಒಂದೇ ಅರ್ಧ ದಿನ ಇದ್ದರೆ ಯೋಚಿಸದೆ ಜೀಲ್ಯಾಂಡಿಯಾಕ್ಕೆ ಹೋಗಿ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಇನ್ನೊಂದು ಬೆಳಿಗ್ಗೆ ಸಿಕ್ಕರೆ ಒಟಾರಿ. ಮೂರನೇ ದಿನವೂ ಇದ್ದು, ಗಾಳಿ ಇಲ್ಲದಿದ್ದರೆ ಮಾತ್ರ ದ್ವೀಪ. ನಾನು ಮತ್ತೆ ಹೋದರೆ ಆ ಅರ್ಧ ದಿನವನ್ನೂ ಜೀಲ್ಯಾಂಡಿಯಾಕ್ಕೇ ಕೊಡುತ್ತೇನೆ, ಅದೂ ರಾತ್ರಿ ಟೂರ್‌ಗೆ. ಅಲ್ಲಿ ಕೀವಿ (kiwi) ಹಕ್ಕಿಯ ಪುಟ್ಟ, ಚುಕ್ಕೆಯ ಬಗೆ ಇದೆ, ಕತ್ತಲಲ್ಲಿ ಕೆಂಪು ಟಾರ್ಚ್ ಹಿಡಿದು ಹುಡುಕುತ್ತಾರೆ. ಆ ಟೂರ್‌ಗೆ ಮೊದಲೇ ಬುಕ್ ಮಾಡಿಕೊಳ್ಳಬೇಕು. ನಾನು ಕೇಳಿದಾಗ ಆ ವಾರದ ಜಾಗವೆಲ್ಲ ಭರ್ತಿಯಾಗಿತ್ತು.