ಅಗ್ಗದ ಶೇರ್ಡ್ ಅಕೌಂಟಿನಲ್ಲಿ ಕಥೆಯ ಗೇಮ್ ಆಡಬೇಡಿ

ಬಾಲ್ಡರ್ಸ್ ಗೇಟ್ 3, ವಿಚರ್ 3 ತರಹದ ದೊಡ್ಡ ದೊಡ್ಡ ಗೇಮ್‌ಗಳನ್ನು ಇನ್ನೂರು ಮುನ್ನೂರು ರೂಪಾಯಿಗೆ ಕೊಡುತ್ತೇವೆ ಅಂತ ಮೆಸೇಜ್ ಗ್ರೂಪುಗಳಲ್ಲಿ ಪೋಸ್ಟರ್‌ಗಳು ಓಡಾಡುತ್ತಿರುತ್ತವೆ. 'ಆಫ್‌ಲೈನ್ ಆಕ್ಟಿವೇಶನ್', 'ಶೇರ್ಡ್ ಅಕೌಂಟ್', 'ಲೈಫ್‌ಟೈಮ್ ವಾರಂಟಿ' ಅಂತೆಲ್ಲ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ದಯವಿಟ್ಟು ಆ ಕಡೆ ತಲೆ ಹಾಕಬೇಡಿ. ದುಡ್ಡು ನುಂಗಿ ಓಡಿಹೋಗುತ್ತಾರೆ ಅಂತ ಹೇಳುತ್ತಿಲ್ಲ. ಗೇಮ್ ಬರುತ್ತದೆ, ಓಪನ್ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ. ಹೋಗುವುದು ನೀವು ಆಡಿದ ಕಥೆ. ನನ್ನದು ಹಾಗೇ ಹೋಯಿತು.

(ಮುಂದೆ ಬಾಲ್ಡರ್ಸ್ ಗೇಟ್ 3 ಕಥೆಯ ಒಂದೆರಡು ಗುಟ್ಟುಗಳು ಬರುತ್ತವೆ. ಇನ್ನೂ ಆಡದವರು ನೋಡಿಕೊಂಡು ಓದಿ.)

ಈ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಒಬ್ಬ ಸ್ಟೀಮ್‌ನಲ್ಲಿ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಒಂದು ಅಕೌಂಟ್ ಮಾಡಿ, ಗೇಮಿನ ಒಂದೇ ಒಂದು ಕಾಪಿ ಕೊಳ್ಳುತ್ತಾನೆ. ಅದರ ಯೂಸರ್‌ನೇಮ್, ಪಾಸ್‌ವರ್ಡನ್ನು ಹತ್ತಾರು ಜನರಿಗೆ ಮಾರುತ್ತಾನೆ. ನೀವು ಲಾಗಿನ್ ಆಗಲು ಹೋದರೆ ಸ್ಟೀಮ್ ಗಾರ್ಡ್ ಎಂಬ ಭದ್ರತಾ ಕೋಡ್ ಕೇಳುತ್ತದೆ. ಕೋಡ್ ಇರುವುದು ಅವನ ಮೊಬೈಲಿನಲ್ಲಿ, ಅವನು ನೋಡಿ ನಿಮಗೆ ಕಳಿಸುತ್ತಾನೆ. ಗೇಮ್ ಡೌನ್‌ಲೋಡ್ ಆದ ಮೇಲೆ ಸ್ಟೀಮನ್ನು ಇಂಟರ್ನೆಟ್ ಇಲ್ಲದೆ ಆಡುವ ಆಫ್‌ಲೈನ್ ಮೋಡ್‌ಗೆ ಹಾಕಿಸಿ, 'ಇನ್ನು ಆನ್‌ಲೈನ್ ಬರಬೇಡಿ ಬ್ರೋ, ಆರಾಮಾಗಿ ಆಡಿ' ಅನ್ನುತ್ತಾನೆ. ಬಾಲ್ಡರ್ಸ್ ಗೇಟ್ 3 ನಮ್ಮಲ್ಲಿ ಹತ್ತಿರ ಹತ್ತಿರ 3,000 ರೂಪಾಯಿ. ಓದುತ್ತಿರುವ ಹುಡುಗರು, ಹೊಸದಾಗಿ ಕೆಲಸಕ್ಕೆ ಸೇರಿದವರು ಇಂಥ ಪೋಸ್ಟರ್ ನೋಡಿ ನಿಂತರೆ ಆಶ್ಚರ್ಯವೇನಿಲ್ಲ.

ಫುಟ್‌ಬಾಲ್ ಗೇಮೋ ರೇಸಿಂಗ್ ಗೇಮೋ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ಅಲ್ಲಿ ಸೇವ್ (ಎಲ್ಲಿವರೆಗೆ ಆಡಿದ್ದೀರಿ ಅಂತ ಗೇಮ್ ಉಳಿಸಿಡುವ ಫೈಲ್) ಹೋದರೆ ಒಂದು ವಾರ ಬೈದುಕೊಂಡು ಮತ್ತೆ ಶುರು ಮಾಡಬಹುದು. ಕಥೆಯ ಗೇಮ್ ಹಾಗಲ್ಲ. ನೀವು ಯಾರನ್ನು ನಂಬಿದಿರಿ, ಯಾರನ್ನು ಬಿಟ್ಟುಕೊಟ್ಟಿರಿ, ಯಾವ ಮಾತಿಗೆ ಏನು ಉತ್ತರ ಕೊಟ್ಟಿರಿ, ಎಲ್ಲವೂ ಆ ಒಂದು ಫೈಲಿನಲ್ಲಿ ಕೂತಿರುತ್ತದೆ.

ನಾನು ಗೇಮ್ ಮೊದಲ ಸಲ ತೆರೆದಾಗಲೇ ಒಂದು ವಿಚಿತ್ರ ಕಂಡಿತು. ಹೊಸ ಗೇಮ್ ಅಲ್ವಾ, ಲೋಡ್ ಗೇಮ್ ಪುಟ ಖಾಲಿ ಇರಬೇಕು. ಅಲ್ಲಿ ನೋಡಿದರೆ ಸಾಲಾಗಿ ಟ್ಯಾವ್, ಟ್ಯಾವ್, ಟ್ಯಾವ್. ಪಾತ್ರಕ್ಕೆ ನೀವು ಹೆಸರು ಇಡದಿದ್ದರೆ ಗೇಮ್ ತಾನೇ ಇಟ್ಟುಬಿಡುವ ಹೆಸರದು. ಕುತೂಹಲ ತಡೆಯದೆ ಒಂದನ್ನು ತೆರೆದೆ. ಬೀಗ ಹಾಕದ ಯಾರದೋ ಮನೆಗೆ ನುಗ್ಗಿದ ಹಾಗಾಯಿತು. ಚೀಲದ ತುಂಬ ಓದದೆ ಬಿಟ್ಟ ಸ್ಕ್ರಾಲ್‌ಗಳು, ಖಾಲಿ ಬಾಟಲಿಗಳು, ಎಲ್ಲಿಂದಲೋ ಎತ್ತಿಕೊಂಡು ಬಂದ ತಟ್ಟೆ ಚಮಚ. (ಈ ಗೇಮ್ ಆಡಿದವರ ಚೀಲ ಎಲ್ಲರದ್ದೂ ಹೀಗೇ ಇರುತ್ತದೆ ಅಂತ ಆಮೇಲೆ ಗೊತ್ತಾಯಿತು.) ಜರ್ನಲ್ ತೆಗೆದರೆ ಯಾವುದೋ ಕಾರ್ಲಾಕ್ ಎಂಬುವಳನ್ನು ಕೊಂದು ಮುಗಿಸಿದ ವಿಷಯ. ಅವಳು ಯಾರೆಂದು ನನಗೆ ಆಗ ಗೊತ್ತಿರಲಿಲ್ಲ. ನನ್ನ ಆಟದಲ್ಲಿ ನದಿ ದಂಡೆಯಲ್ಲಿ ಅವಳು ಸಿಕ್ಕಾಗ ಗೊತ್ತಾಯಿತು. ಅವಳು ರಾಕ್ಷಸಿ, ಕೊಲ್ಲಬೇಕು ಅಂತ ಹೇಳುವ ಸುಳ್ಳು ಧರ್ಮಯೋಧರ ಗುಂಪೊಂದು ಇದೆ. ಆ ಪುಣ್ಯಾತ್ಮ ಅವರ ಮಾತು ಕೇಳಿ ಅವಳ ಕಥೆ ಮುಗಿಸಿದ್ದ. ಇಡೀ ಗೇಮಿನಲ್ಲಿ ಮನಸ್ಸಿಗೆ ತುಂಬಾ ಹತ್ತಿರವಾಗುವ ಪಾತ್ರ ಅವಳದು. ಅವನಿಗೆ ಅದು ಕೊನೆತನಕ ಗೊತ್ತಾಗಿರಲಿಕ್ಕಿಲ್ಲ.

ಆ ಸೇವ್‌ಗಳು ನನ್ನ ಕಂಪ್ಯೂಟರಿಗೆ ಬಂದದ್ದು ಹೇಗೆ? ಸ್ಟೀಮ್ ಕ್ಲೌಡ್. ಒಂದು ಅಕೌಂಟಿನ ಸೇವ್‌ಗಳನ್ನು ಸ್ಟೀಮ್ ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುತ್ತದೆ. ನೀವು ಯಾವ ಕಂಪ್ಯೂಟರಿನಿಂದ ಲಾಗಿನ್ ಆದರೂ ಅವು ಅಲ್ಲಿಗೆ ಇಳಿದು ಬರುತ್ತವೆ. ಒಬ್ಬನೇ ಬಳಸಿದರೆ ಬಹಳ ಒಳ್ಳೆಯ ಸೌಲಭ್ಯ. ಇಪ್ಪತ್ತು ಜನ ಬಳಸಿದರೆ ಒಂದೇ ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಜನ ಬರೆಯುತ್ತಾರೆ, ಅಳಿಸುತ್ತಾರೆ.

ಆಫ್‌ಲೈನ್ ಇದ್ದಷ್ಟು ದಿನ ಏನೂ ತೊಂದರೆ ಆಗಲಿಲ್ಲ. ಮಳೆಗಾಲ ಪೂರ್ತಿ ಆಡಿದೆ. ರಾತ್ರಿ ಊಟ ಆದಮೇಲೆ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈ ಗೇಮಿನಲ್ಲಿ ಮಾತಿಗೂ ದಾಳ ಬೀಳುತ್ತದೆ. ಇಪ್ಪತ್ತು ಮುಖದ ದಾಳ. ಚೆನ್ನಾಗಿ ಮಾತಾಡಿ ಒಪ್ಪಿಸೋಣ ಅಂತ ಹೋದರೆ ಒಂದು ಬೀಳುತ್ತದೆ, ಎದುರಿನವನು ಕತ್ತಿ ಹಿರಿಯುತ್ತಾನೆ. ಜಾಸ್ತಿ ಜನ ಅಲ್ಲೇ ಹಳೇ ಸೇವ್ ಲೋಡ್ ಮಾಡಿ ಮತ್ತೆ ದಾಳ ಹಾಕುತ್ತಾರೆ. ನಾನು ಬಿದ್ದದ್ದು ಬೀಳಲಿ ಅಂತ ಆಡಿದೆ. ಉರಿಯುತ್ತಿರುವ ಒಂದು ಛತ್ರ ಬರುತ್ತದೆ. ಅದನ್ನು ನೋಡಿದ ಮೇಲೆ 'ಬೆಳಗ್ಗೆ ನೋಡೋಣ' ಅಂತ ಶಿಬಿರಕ್ಕೆ ಹೋಗಿ ಮಲಗಿದರೆ ಒಳಗಿದ್ದವರ ಕಥೆ ಅಲ್ಲಿಗೆ ಮುಗಿಯಿತು. ಗೇಮ್ ನಿಮಗೆ ಗಡಿಯಾರ ತೋರಿಸುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ. ಅದರ ಮೇಲೆ ಸಿಟ್ಟೂ ಬರುತ್ತದೆ, ಅದಕ್ಕೇ ಮಾರುಹೋಗುತ್ತೇವೆ ಕೂಡ.

ಎರಡನೇ ಅಂಕದ ಕೊನೆಯಲ್ಲಿ ಒಂದು ಜಾಗವಿದೆ. ಶ್ಯಾಡೋಹಾರ್ಟ್ ಎಂಬ ಜೊತೆಗಾತಿ ಶಾರ್ ಎಂಬ ಕತ್ತಲ ದೇವಿಯ ಭಕ್ತೆ. ಬಂಧಿಯಾಗಿರುವ ನೈಟ್‌ಸಾಂಗ್ ಎಂಬುವಳನ್ನು ಈಟಿಯಿಂದ ಕೊಂದರೆ ದೇವಿ ಮೆಚ್ಚುತ್ತಾಳೆ. ಹುಟ್ಟಿದಾಗಿನಿಂದ ಕಾದದ್ದು ಇದಕ್ಕೇ ಅಂತ ಅವಳು ನಂಬಿದ್ದಾಳೆ. ಆ ಹೊತ್ತಿನಲ್ಲಿ ನೀವು ಅವಳಿಗೆ ಕೊಲ್ಲು ಅನ್ನಬಹುದು, ಬೇಡ ಅನ್ನಬಹುದು. ನಾನು ಎರಡನ್ನೂ ಹೇಳದೆ ಅವಳಿಗೇ ಬಿಟ್ಟೆ. ಅಷ್ಟು ಹೊತ್ತಿಗೆ ಅವಳ ಜೊತೆ ಸಾಕಷ್ಟು ದೂರ ನಡೆದಿದ್ದೆ, ಅವಳ ವಿಶ್ವಾಸ ಗಳಿಸಿದ್ದೆ. ಆದರೂ ಕೈ ಮೌಸ್ ಮೇಲೆ ಬಿಗಿಯಾಗಿತ್ತು. ಅವಳು ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ಈಟಿಯನ್ನು ಪಾತಾಳಕ್ಕೆ ಎಸೆದುಬಿಟ್ಟಳು. ರೂಮಿನಲ್ಲಿ ಒಬ್ಬನೇ ಕೂತು ಜೋರಾಗಿ ಚಪ್ಪಾಳೆ ತಟ್ಟಿದೆ ಅಂದರೆ ನಂಬಿ.

ಇದಾದ ಸ್ವಲ್ಪ ದಿನಕ್ಕೆ ಸ್ಟೀಮ್ ಮತ್ತೆ ಲಾಗಿನ್ ಕೇಳಿತು. ಆಫ್‌ಲೈನ್ ಮೋಡ್ ಶಾಶ್ವತವಾಗಿ ನಿಲ್ಲುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ಮಾರಿದವನಿಗೆ ಮೆಸೇಜ್ ಮಾಡಿದೆ, ಕೋಡ್ ಕಳಿಸಿದ. ಒಳಗೆ ಹೋದ ಕೂಡಲೇ ಒಂದು ಕಿಟಕಿ ಬಂತು. ಈ ಕಂಪ್ಯೂಟರಿನಲ್ಲಿರುವ ಸೇವ್ ಒಂದು, ಕ್ಲೌಡಿನಲ್ಲಿರುವ ಸೇವ್ ಇನ್ನೊಂದು, ಯಾವುದು ಉಳಿಯಬೇಕು ಆರಿಸಿ. ಎರಡರ ಪಕ್ಕದಲ್ಲೂ ತಾರೀಕು, ಸಮಯ. ಒಂದನ್ನು ಒತ್ತಿದರೆ ಇನ್ನೊಂದು ಹೋಗುತ್ತದೆ. ಇಡೀ ಗೇಮಿನಲ್ಲಿ ಇಷ್ಟು ನೇರವಾದ ಆಯ್ಕೆ ಬಂದಿರಲಿಲ್ಲ! ನನ್ನದನ್ನೇ ಒತ್ತಿದೆ, ಯಾರಾದರೂ ಒತ್ತುವುದು ಅದನ್ನೇ. ಆ ಕಡೆ ಯಾರ ಸೇವ್ ಹೋಯಿತೋ ದೇವರಿಗೇ ಗೊತ್ತು.

ಅಷ್ಟರಲ್ಲಿ ದೊಡ್ಡದೊಂದು ಅಪ್‌ಡೇಟ್ ಶುರುವಾಯಿತು. ಈ ಗೇಮಿಗೆ ಡಿಸ್ಕಿನಲ್ಲಿ 150 ಜಿಬಿ ಜಾಗ ಬೇಕು, ಅಪ್‌ಡೇಟ್‌ಗಳೂ ಅದಕ್ಕೆ ತಕ್ಕ ಹಾಗೇ ಇರುತ್ತವೆ. 'ಅಪ್‌ಡೇಟ್ ಮುಗಿಸಿಕೊಂಡು ಆಫ್‌ಲೈನ್ ಹೋಗಿ ಬ್ರೋ' ಅಂದ. ರಾತ್ರಿ ಹಾಗೇ ಬಿಟ್ಟು ಮಲಗಿದೆ. ಬೆಳಗ್ಗೆ ಗೇಮ್ ಒತ್ತಿದರೆ 'ಕ್ಲೌಡ್ ಸಿಂಕ್' ಅಂತ ಒಂದು ಗೆರೆ ಮಿಂಚಿ ಮರೆಯಾಯಿತು. ಲೋಡ್ ಗೇಮ್ ಪುಟದಲ್ಲಿ ಮತ್ತೆ ಟ್ಯಾವ್‌ಗಳ ಸಾಲು. ನನ್ನ ಪಾತ್ರಕ್ಕೆ ಮಲ್ಲಿ ಅಂತ ಹೆಸರಿಟ್ಟಿದ್ದೆ. ಆ ಹೆಸರು ಎಲ್ಲೂ ಇಲ್ಲ.

ಆಗಿದ್ದು ಇಷ್ಟೇ. ರಾತ್ರಿ ಇನ್ನೊಬ್ಬ ಗಿರಾಕಿ ಲಾಗಿನ್ ಆಗಿ, ಅದೇ ಕಿಟಕಿಯಲ್ಲಿ ತನ್ನದನ್ನು ಒತ್ತಿದ್ದಾನೆ. ನನ್ನ ಸೇವ್‌ಗಳು ಹಿಂದಿನ ದಿನವೇ ಕ್ಲೌಡಿಗೆ ಹೋಗಿ ಸೇರಿದ್ದವು, ಆಮೇಲೆ ನಾನು ಆಡಿರಲಿಲ್ಲ. ಹಾಗಿದ್ದಾಗ ಸ್ಟೀಮ್ ಮತ್ತೆ ಕೇಳುವುದಿಲ್ಲ. ಕ್ಲೌಡಿನಲ್ಲಿ ಹೊಸದು ಏನಿದೆಯೋ ಅದನ್ನು ಇಳಿಸುತ್ತದೆ, ಅಲ್ಲಿ ಅಳಿಸಿದ್ದನ್ನು ಇಲ್ಲೂ ಅಳಿಸುತ್ತದೆ. ಅದರ ಲೆಕ್ಕದಲ್ಲಿ ನಾವಿಬ್ಬರೂ ಒಬ್ಬನೇ ಮನುಷ್ಯ.

ಮಾರಿದವನಿಗೆ ಹೇಳಿದರೆ ಬಂದ ಉತ್ತರ: 'ಗೇಮ್ ಓಪನ್ ಆಗ್ತಿದೆ ತಾನೆ ಬ್ರೋ? ಸೇವ್‌ಗೆಲ್ಲ ವಾರಂಟಿ ಬರಲ್ಲ.' ಇನ್ನೊಂದು ಸಲ ಕೇಳಿದ್ದಕ್ಕೆ 'ನೆಟ್‌ನಲ್ಲಿ ಬೇರೆಯವರ ಸೇವ್ ಸಿಗುತ್ತೆ, ಆಕ್ಟ್ ಮೂರರದ್ದು ಹಾಕ್ಕೊಳ್ಳಿ' ಅಂದ. ಮೂರನೇ ಸಲಕ್ಕೆ ಬ್ಲಾಕ್. ಅವನ ದೃಷ್ಟಿಯಲ್ಲಿ ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಬೇರೆಯವರ ಸೇವ್ ಸಿಗುತ್ತದೆ, ನಿಜ. ಅದರಲ್ಲಿ ಶ್ಯಾಡೋಹಾರ್ಟ್ ಈಟಿ ಎಸೆದಿರಲೂಬಹುದು. ಆದರೆ ಅವಳು ನಂಬಿದ್ದು ಬೇರೆ ಯಾರನ್ನೋ. ನಾನೇ ಮೊದಲಿನಿಂದ ಆಡಿದರೂ ಅವಳು ಏನು ಮಾಡುತ್ತಾಳೆ ಅಂತ ನನಗೆ ಈಗ ಗೊತ್ತು. ಗೊತ್ತಿದ್ದು ಸುಮ್ಮನಿರುವುದಕ್ಕೂ ಗೊತ್ತಿಲ್ಲದೆ ಸುಮ್ಮನಿರುವುದಕ್ಕೂ ಎಷ್ಟು ವ್ಯತ್ಯಾಸ!

ಬೇರೆ ಗೇಮ್‌ಗಳಲ್ಲೂ ಇದೇ ಪಾಡು. ಮಾಸ್ ಎಫೆಕ್ಟ್ 2 ಬಂದದ್ದು 2010ರಲ್ಲಿ. ಅದರಲ್ಲಿ ನಿಮ್ಮ ಹಡಗಿನ ಸಿಬ್ಬಂದಿಯನ್ನು ಶತ್ರುಗಳು ಎತ್ತಿಕೊಂಡು ಹೋದ ಮೇಲೆ ನೀವು ಬೇರೆ ಕೆಲಸ ಮಾಡಿಕೊಂಡು ತಡಮಾಡಿದಷ್ಟೂ ಅವರು ಸಾಯುತ್ತಾರೆ. ಕೊನೆಯ ದಾಳಿಯಲ್ಲಿ ಯಾರನ್ನು ಯಾವ ಕೆಲಸಕ್ಕೆ ಕಳಿಸಿದಿರಿ ಅನ್ನುವುದರ ಮೇಲೆ ಸಂಗಾತಿಗಳ ಜೀವ ನಿಂತಿರುತ್ತದೆ. ಅದೇ ಸೇವ್ 2012ರ ಮೂರನೇ ಭಾಗಕ್ಕೂ ಹೋಗುತ್ತದೆ, ಇಲ್ಲಿ ಸತ್ತವರು ಅಲ್ಲಿ ಬರುವುದಿಲ್ಲ. ವಿಚರ್ 3ರಲ್ಲಿ ನಾಯಕನ ಸಾಕುಮಗಳು ಸಿರಿ ಎಂಬುವಳ ಭವಿಷ್ಯ ದೊಡ್ಡ ಯುದ್ಧಗಳಿಗಿಂತ ಜಾಸ್ತಿ ಸಣ್ಣ ಮಾತುಗಳ ಮೇಲೆ ನಿಂತಿದೆ. ಬೇಜಾರಿನಲ್ಲಿರುವ ಅವಳಿಗೆ ಸಮಾಧಾನ ಹೇಳಿ ಕುಡಿಯಲು ಕರೆದಿರಾ, ಹಿಮದುಂಡೆ ಎಸೆದು ನಗಿಸಿದಿರಾ, ಅಂಥವು. ಅದು ಲೆಕ್ಕಕ್ಕೆ ಬರುತ್ತದೆ ಅಂತ ಗೇಮ್ ಹೇಳುವುದೇ ಇಲ್ಲ. ಪರ್ಸೋನಾ 5 ರಾಯಲ್‌ನಲ್ಲಿ ಶಾಲೆಯ ಕೌನ್ಸೆಲರ್ ಮಾರುಕಿ ಜೊತೆ ನವೆಂಬರ್ 18ರೊಳಗೆ ಒಂಬತ್ತನೇ ಹಂತದ ಗೆಳೆತನ ಆಗಿರದಿದ್ದರೆ ಕೊನೆಯ ಇಡೀ ಅಧ್ಯಾಯ ತೆರೆಯುವುದಿಲ್ಲ. ಇಂಥ ಕಡೆ ಹಳೆಯ ಸೇವ್ ಒಂದೇ ದಾರಿ. ಅದೂ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮಾಡುವುದೇನು?

ಇನ್ನು ದೂರು ಕೊಡೋಣ ಅಂದರೆ ಸ್ಟೀಮ್ ನಿಯಮದಲ್ಲಿ ಅಕೌಂಟ್ ಮಾರುವುದಕ್ಕೆ, ಬೇರೆಯವರ ಜೊತೆ ಹಂಚಿಕೊಳ್ಳುವುದಕ್ಕೆ ಅವಕಾಶವೇ ಇಲ್ಲ. ನಿಮ್ಮ ಹೆಸರಿನಲ್ಲಿ ಏನೂ ಇಲ್ಲದಿರುವಾಗ ಏನಂತ ಕೇಳುತ್ತೀರಿ? ಇಂಥ ಅಕೌಂಟ್‌ಗಳಲ್ಲಿ ಕದ್ದವೂ ಇರುತ್ತವೆ. ನಿಜವಾದ ಮಾಲೀಕ ವಾಪಸ್ ಪಡೆದ ದಿನ ಗಿರಾಕಿಗಳೆಲ್ಲ ಹೊರಗೆ. ಇದಕ್ಕಿಂತ ಅಪಾಯದವರೂ ಇದ್ದಾರೆ. 'ಆಕ್ಟಿವೇಟರ್' ಅಂತ ಒಂದು ಫೈಲ್ ಕಳಿಸಿ, ಆಂಟಿವೈರಸ್ ಆಫ್ ಮಾಡಿ ಓಡಿಸಿ ಅನ್ನುತ್ತಾರೆ. ಹಾಗೆ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳೆಲ್ಲ ಅದೇ ಕಂಪ್ಯೂಟರಿನಲ್ಲಿ ಇರುತ್ತವೆ, ಮರೆಯಬೇಡಿ. ಬ್ಯಾಂಕಿನ ದುಡ್ಡಿಗೇ ಕೈ ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದುಡ್ಡು ಕಡಿಮೆ ಇದ್ದರೆ ನೇರ ದಾರಿಗಳೇ ಇವೆ. ಬೇಸಿಗೆ, ಚಳಿಗಾಲದ ಸೇಲ್‌ಗಳಲ್ಲಿ ವಿಚರ್ 3 ತರಹದ ಹಳೆಯ ಗೇಮ್‌ಗಳ ಬೆಲೆ ನೆಲಕ್ಕಿಳಿಯುತ್ತದೆ. ಸ್ಟೀಮ್‌ನಲ್ಲಿ ಯುಪಿಐ ನಡೆಯುತ್ತದೆ, ಕಾರ್ಡ್ ಬೇಕಿಲ್ಲ. ಮನೆಯಲ್ಲಿ ಅಣ್ಣ ತಮ್ಮಂದಿರು ಆಡುವವರಿದ್ದರೆ 2024ರಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್ ನೋಡಿ. ಒಂದೇ ಮನೆಯ ಆರು ಜನ ಸೇರಿಕೊಳ್ಳಬಹುದು, ಒಬ್ಬರು ಕೊಂಡದ್ದನ್ನು ಇನ್ನೊಬ್ಬರು ಆಡಬಹುದು. ಮುಖ್ಯವಾಗಿ ಒಬ್ಬೊಬ್ಬರ ಸೇವ್ ಬೇರೆ ಬೇರೆ ಇರುತ್ತದೆ. ಒಂದು ಕಾಪಿಯನ್ನು ಒಂದು ಹೊತ್ತಿಗೆ ಒಬ್ಬರೇ ಆಡಬೇಕು, ಅಷ್ಟೇ. ಕೊಂಡ ಮೇಲೆ ಹಿಡಿಸದಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಬಾಲ್ಡರ್ಸ್ ಗೇಟ್ 3ರಲ್ಲಿ ಎರಡು ಗಂಟೆ ಅಂದರೆ ಕೆಲವರಿಗೆ ಪಾತ್ರದ ಮೂಗು, ಕೂದಲು ಸರಿ ಮಾಡುವುದರಲ್ಲೇ ಮುಗಿದಿರುತ್ತದೆ. ಅದು ಬೇರೆ ಮಾತು.

ಈಗಾಗಲೇ ಇಂಥ ಅಕೌಂಟಿನಲ್ಲಿ ಆಡುತ್ತಿರುವವರು ಇವತ್ತೇ ಒಂದು ಕೆಲಸ ಮಾಡಿ. ಸ್ಟೀಮ್ ಆಫ್‌ಲೈನ್ ಇರುವಾಗಲೇ, ಬೇಕಿದ್ದರೆ ವೈಫೈ ಕೂಡ ತೆಗೆದು, ಸೇವ್ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ವಿಚರ್ 3ರದ್ದು ಡಾಕ್ಯುಮೆಂಟ್ಸ್ ಒಳಗೆ ವಿಚರ್ 3 ಫೋಲ್ಡರಿನ ಗೇಮ್‌ಸೇವ್ಸ್‌ನಲ್ಲಿ ಇರುತ್ತದೆ. ಬಾಲ್ಡರ್ಸ್ ಗೇಟ್ 3ರದ್ದು ಆ್ಯಪ್‌ಡೇಟಾ, ಲೋಕಲ್, ಲೇರಿಯನ್ ಸ್ಟುಡಿಯೋಸ್ ಅಂತ ಒಳಗೆ ಹೋದರೆ ಪ್ಲೇಯರ್ ಪ್ರೊಫೈಲ್ಸ್‌ನಲ್ಲಿ ಸಿಗುತ್ತದೆ. ಆ್ಯಪ್‌ಡೇಟಾ ಮಾಮೂಲಾಗಿ ಕಾಣುವುದಿಲ್ಲ, ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಬೇಕು. ಮುಂದೆ ಸೇಲ್‌ನಲ್ಲಿ ಸ್ವಂತ ಕಾಪಿ ಕೊಂಡಾಗ ಈ ಎರಡು ಗೇಮ್‌ಗಳ ಸೇವ್ ಹೊಸ ಅಕೌಂಟಿನಲ್ಲೂ ತೆರೆಯುತ್ತದೆ. ಸೇವನ್ನು ಅಕೌಂಟಿಗೇ ಕಟ್ಟಿಹಾಕುವ ಗೇಮ್‌ಗಳೂ ಇವೆ, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಕಾಪಿ ಆಗುವ ಮುಂಚೆ ಮಾರಿದವನು ಏನೇ ಹೇಳಿದರೂ ಆನ್‌ಲೈನ್ ಹೋಗಬೇಡಿ.