ಹೊಸ ಕೋರ್ಸ್ ಅಂತ ಪೈಥಾನ್ 2 ಮಾರುತ್ತಿದ್ದಾರೆ, ದುಡ್ಡು ಕಟ್ಟುವ ಮುಂಚೆ ಓದಿ

"ಈ ವರ್ಷ ಅಪ್‌ಡೇಟ್ ಆಗಿದೆ, ಏನೂ ಗೊತ್ತಿಲ್ಲದವರೂ ಕಲಿಯಬಹುದು" ಅಂತ ಬರೆದಿದ್ದ ಆನ್‌ಲೈನ್ ಪ್ರೋಗ್ರಾಮಿಂಗ್ ಕೋರ್ಸಿಗೆ ದುಡ್ಡು ಕಟ್ಟಿ ಮೋಸ ಹೋದೆ. ಅಲ್ಲಿ ಕಲಿಸುತ್ತಿರುವುದು ಪೈಥಾನ್ 2, ಅಂದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ವರ್ಷನ್. ಅದಕ್ಕೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ. ಪೈಥಾನ್ 3 ಬಂದಿದ್ದೇ 2008ರಲ್ಲಿ! ಕೋರ್ಸಿನ ವಿವರದಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ.

ಮೊದಲ ಪಾಠದಲ್ಲೇ ಎಡವಟ್ಟು. ವಿಡಿಯೋದಲ್ಲಿ ಪ್ರಿಂಟ್ ಅಂತ ಬರೆದು, ಜಾಗ ಬಿಟ್ಟು, ಕೋಟ್ ಒಳಗೆ ಹೆಲೋ ಹಾಕುತ್ತಾರೆ, ಕೋಡ್ ಓಡುತ್ತದೆ. ನನ್ನ ಕಂಪ್ಯೂಟರಿನಲ್ಲಿದ್ದದ್ದು ಪೈಥಾನ್ 3. ಅದರಲ್ಲಿ ಪ್ರಿಂಟ್ ಒಂದು ಫಂಕ್ಷನ್, ಬ್ರಾಕೆಟ್ ಬೇಕೇ ಬೇಕು. ಇಲ್ಲದಿದ್ದರೆ ಸಿಂಟ್ಯಾಕ್ಸ್ ಎರರ್, ಅಂದರೆ ಕೋಡ್ ಬರೆದ ರೀತಿಯೇ ತಪ್ಪು ಅಂತ ಬರುತ್ತದೆ. ಸಪೋರ್ಟಿಗೆ ಬರೆದೆ. "ಟೈಪ್ ಮಾಡುವಾಗ ತಪ್ಪಿರಬಹುದು. ಸದ್ಯಕ್ಕೆ ಬಿಡಿ, ಮುಂದಿನ ಪಾಠಗಳನ್ನು ನೋಡ್ತಾ ಹೋಗಿ" ಅಂದರು. ಅಕ್ಷರ ಅಕ್ಷರ ಹೋಲಿಸಿದೆ. ತಪ್ಪಿರಲಿಲ್ಲ. ಆದರೂ ಮುಂದೆ ಹೋದೆ.

ಎರರ್ ಬಂದರೆ ಪರವಾಗಿಲ್ಲ, ಏನೋ ಸರಿಯಿಲ್ಲ ಅಂತಾದರೂ ಗೊತ್ತಾಗುತ್ತದೆ. ಎರರ್ ಬರದೇ ಉತ್ತರ ಬೇರೆ ಬಂದರೆ? 7ನ್ನು 2ರಿಂದ ಭಾಗಿಸಿದರೆ ವಿಡಿಯೋದಲ್ಲಿ 3, ನನ್ನಲ್ಲಿ 3.5. ಎರಡು ಇನ್‌ಪುಟ್ ತೆಗೆದುಕೊಂಡು 5 ಮತ್ತು 3 ಕೂಡಿಸಿದರೆ ಅಲ್ಲಿ 8, ಇಲ್ಲಿ 53! ಪೈಥಾನ್ 2ರ ಇನ್‌ಪುಟ್ ನಾವು ಟೈಪ್ ಮಾಡಿದ್ದನ್ನು ಕೋಡ್ ಅಂತಲೇ ಓಡಿಸುತ್ತದೆ, ಹಾಗಾಗಿ 5 ಸಂಖ್ಯೆಯಾಗುತ್ತದೆ (ಯಾರು ಏನು ಬೇಕಾದರೂ ಟೈಪ್ ಮಾಡಬಹುದಲ್ಲ, ಅದು ಅಪಾಯ ಕೂಡ). 3ರಲ್ಲಿ ಏನೇ ಕೊಟ್ಟರೂ ಬರುವುದು ಸ್ಟ್ರಿಂಗ್ (ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು), ಎರಡು ಸ್ಟ್ರಿಂಗ್ ಕೂಡಿಸಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್‌ಪುಟ್ಟನ್ನು ಇಂಟ್ ಒಳಗೆ ಹಾಕಿ ಸಂಖ್ಯೆ ಮಾಡಿಕೊಂಡರೆ ಮುಗಿಯಿತು. ಈ ಒಂದು ಮಾತು ಹೇಳಲಿಲ್ಲ ಅವರು.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ವಿಡಿಯೋದಲ್ಲಿದ್ದ 3 ಬರಲಿ ಅಂತ ದಶಮಾಂಶ ಬಿಟ್ಟು ಭಾಗಿಸುವ ಡಬಲ್ ಸ್ಲ್ಯಾಶ್ ಹಾಕಿ, ಸರಿಯಿದ್ದ 3.5ನ್ನು ಕೈಯಾರೆ ಕೆಡಿಸಿದ್ದೆ. ಕೊನೆಗೆ ವಿಡಿಯೋ ನಿಲ್ಲಿಸಿ, ಪರದೆ ದೊಡ್ಡದು ಮಾಡಿ ನೋಡಿದರೆ ಅವರು ಕೋಡ್ ಓಡಿಸುವ ಕಿಟಕಿಯ ಮೊದಲ ಸಾಲಿನಲ್ಲೇ ಇದೆ: ಪೈಥಾನ್ 2.7. ಅಷ್ಟು ದಿನ ಕಣ್ಣೆದುರೇ ಇತ್ತು. ಅಷ್ಟು ದಿನ ನನಗೇ ತಲೆ ಓಡುತ್ತಿಲ್ಲ ಅಂದುಕೊಂಡಿದ್ದೆ.

ಸ್ಕ್ರೀನ್‌ಶಾಟ್ ಕಳಿಸಿದೆ. "ಬೇಸಿಕ್ಸ್ ಎಲ್ಲ ವರ್ಷನ್‌ಗೂ ಒಂದೇ ಸರ್" ಅಂತ ಉತ್ತರ. ಒಂದೇ ಆಗಿದ್ದರೆ 8 ಹೇಗೆ 53 ಆಯಿತು ಅಂತ ಕೇಳಿದೆ. "ಹಾಗಾದರೆ 2.7 ಇನ್‌ಸ್ಟಾಲ್ ಮಾಡಿಕೊಳ್ಳಿ." ಸುರಕ್ಷತೆಯ ಅಪ್‌ಡೇಟೂ ಬರದ ವರ್ಷನ್ ಅದು, ಹೊಸಬರಿಗೆ ಅದನ್ನು ಹಾಕಿಕೊಳ್ಳಿ ಅಂತಾರೆ! ಮತ್ತೆ ಈ ವರ್ಷ ಅಪ್‌ಡೇಟ್ ಮಾಡಿದ್ದೇನು ಅಂತ ಕೇಳಿದ್ದಕ್ಕೆ, "ಪರಿಚಯದ ವಿಡಿಯೋ ಹೊಸದು." ಅಷ್ಟೇ. ಪರಿಚಯದ ವಿಡಿಯೋ ಹೊಸದು. ಹಣ ವಾಪಸ್ ಕೇಳಿದರೆ, "ಅರ್ಧಕ್ಕಿಂತ ಹೆಚ್ಚು ಪಾಠ ನೋಡಿದ್ದೀರಿ, ಆಗಲ್ಲ."

ಉಚಿತವಾಗಿ ತೋರಿಸುವ ಪಾಠದಲ್ಲಿ ಪರಿಚಯದ ಮಾತು ಬಿಡಿ, ಕೋಡ್ ನೋಡಿ. ಪ್ರಿಂಟ್ ಮುಂದೆ ಬ್ರಾಕೆಟ್ ಇಲ್ಲದಿದ್ದರೆ, ರಾ ಇನ್‌ಪುಟ್ (raw_input) ಅಥವಾ ಎಕ್ಸ್‌ರೇಂಜ್ (xrange) ಅನ್ನುವ ಪದ ಕಂಡರೆ ಅದು ಪೈಥಾನ್ 2, ಬಿಟ್ಟುಬಿಡಿ. ಪೈಥಾನ್‌ನ ಅಧಿಕೃತ ಜಾಲತಾಣದಲ್ಲೇ ಟ್ಯುಟೋರಿಯಲ್ ಉಚಿತವಾಗಿದೆ. ಈಗಾಗಲೇ ದುಡ್ಡು ಕಟ್ಟಿದ್ದರೆ, ವಿಡಿಯೋ ನೋಡಿ ಬರೆದ ಕೋಡ್ ಮೊದಲ ಸಲ ಓಡದ ದಿನವೇ ರೀಫಂಡ್ ಕೇಳಿ. "ಮುಂದಿನ ಪಾಠ ನೋಡ್ತಾ ಹೋಗಿ" ಅಂದರೆ ನೋಡಬೇಡಿ, ನನ್ನ ಅರ್ಧ ಮುಗಿದಿದ್ದು ಹಾಗೇ.