ಮಿಸ್ ಕೇರಳ ಮೀನು: ಕಲಬುರಗಿ ಬಿಸಿಲಿಗೆ ತರಬಹುದೇ?

ನೋಟಕ್ಕೆ ಐದಕ್ಕೆ ಐದು. ಬೆಳ್ಳಿ ಮೈ, ಮೂತಿಯಿಂದ ಬಾಲದವರೆಗೆ ಕಪ್ಪು ಪಟ್ಟಿ, ಅದರ ಮೇಲೆ ಕೆಂಪು ಗೆರೆ. ನಮ್ಮೂರಿಗೆ ಒಗ್ಗುವುದಕ್ಕೆ ಮಾತ್ರ ಒಂದು ಕೊಟ್ಟರೂ ಹೆಚ್ಚೇ.

ವಿಜ್ಞಾನಿಗಳು ಸಹ್ಯಾದ್ರಿಯಾ ಡೆನಿಸೋನಿ ಎನ್ನುವ ಈ ಮೀನು ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಜಾತಿ. ಚಾಲಿಯಾರ್, ವಳಪಟ್ಟಣಂ, ಚಂದ್ರಗಿರಿಯಂಥ ಹೊಳೆಗಳ ಬಂಡೆಗಲ್ಲಿನ, ದಡದಲ್ಲಿ ಗಿಡ ಬೆಳೆದ ಓಡುನೀರು ಅದರ ಮನೆ. 25 ಡಿಗ್ರಿಯೊಳಗಿನ ತಂಪು ಅದಕ್ಕೆ ಹಿತ. ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ದಾಟಿದಾಗ ಮನೆಯೊಳಗಿನ ಟ್ಯಾಂಕೂ 32ಕ್ಕೆ ಏರುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 32ರಲ್ಲಿ 7.3ಕ್ಕಿಂತ ಹೆಚ್ಚು ಹಿಡಿಯದು. ಮೀನಿಗೆ ಆಮ್ಲಜನಕದ ಅಗತ್ಯ ಮಾತ್ರ ಆಗಲೇ ಹೆಚ್ಚುತ್ತದೆ. ಬೋರ್ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 8ರ ಮೇಲಿದ್ದರೆ ಮೀನಿನ ತ್ಯಾಜ್ಯದಿಂದಾಗುವ ಅಮೋನಿಯಾದ ವಿಷವೂ ಏರುತ್ತದೆ. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತರೆ ಬೆಳಿಗ್ಗೆಗೆ ಮೀನು ಉಳಿಯುವುದು ಕಷ್ಟ.

ನೀರನ್ನು ತಣ್ಣಗಾಗಿಸುವ ಯಂತ್ರ, ಚಿಲ್ಲರ್, ದುಬಾರಿ. ನಮ್ಮ ಒಣಗಾಳಿಯಲ್ಲಿ ನೀರಿನ ಮೇಲೆ ಓರೆಯಾಗಿ ಬೀಸುವ ಸಣ್ಣ ಫ್ಯಾನ್ ಎರಡು-ಮೂರು ಡಿಗ್ರಿ ಇಳಿಸುತ್ತದೆ. ಮಳೆ ಶುರುವಾದ ಮೇಲೆ ಅದರ ಆಟ ನಡೆಯದು. ಆವಿಯಾದಷ್ಟು ನೀರನ್ನು ಆರ್‌ಒ ನೀರಿನಿಂದಲೇ ತುಂಬಿಸಿ. ಬೋರ್ ನೀರು ಹಾಕುತ್ತ ಹೋದರೆ ಗಡಸುತನ ಏರುತ್ತಲೇ ಇರುತ್ತದೆ. ಈ ಮೀನು ಹಾರುತ್ತದೆ, ಆದ್ದರಿಂದ ಮುಚ್ಚಳ ಬೇಕು; ಫ್ಯಾನಿನ ಗಾಳಿ ನೀರಿಗೆ ತಾಗುವಂತೆ ಗಾಜಿನ ಬದಲು ಜಾಲರಿ ಇರಲಿ. ಗುಂಪಿನ ಮೀನು, ಆರಕ್ಕಿಂತ ಕಡಿಮೆ ಬೇಡ. 15 ಸೆಂಟಿಮೀಟರ್ ಬೆಳೆಯುವುದರಿಂದ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ, ಸುಮಾರು 250 ಲೀಟರಿನ ಟ್ಯಾಂಕ್ ಬೇಕು. ಅಂಗಡಿಯವರು ತೋರಿಸುವ ಎರಡಡಿಯದ್ದು ಮರಿಗಳಿಗಷ್ಟೇ. ಕರೆಂಟ್ ಹೋದಾಗಿನ ಸಲುವಾಗಿ ಬ್ಯಾಟರಿಯ ಏರ್ ಪಂಪ್ ಇರಲೇಬೇಕು.

ಕೊಳ್ಳುವಾಗ ಮೊದಲ ಪ್ರಶ್ನೆ: ಹೊಳೆಯದೋ, ಸಾಕಿದ್ದೋ? ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಇದು ಅಳಿವಿನಂಚಿನ ಮೀನು. ಗುಂಪಾಗಿ ಈಜುವುದರಿಂದ ಒಂದೇ ಬಲೆಗೆ ಇಡೀ ಹಿಂಡು ಸಿಗುತ್ತದೆ. ಅಲಂಕಾರಿಕ ಮೀನಿನ ವ್ಯಾಪಾರ ಹೊಳೆಗಳನ್ನು ಬರಿದು ಮಾಡಿದ್ದು ಹಾಗೆ. ಮರಳು ಎತ್ತುವುದು, ವಿಷ ಹಾಕಿ ಹಿಡಿಯುವುದು ಮಿಕ್ಕದ್ದನ್ನು ಮುಗಿಸುತ್ತಿವೆ. 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ನಿರ್ಬಂಧ ಹೇರಿತು. ಈಗ ಹಾರ್ಮೋನ್ ಚುಚ್ಚಿ ಮರಿ ಮಾಡಿಸುವ ವಿಧಾನವಿದೆ, ಹಾಗಾಗಿ ಸಾಕಿದ ಮೀನು ಸಿಗದ ವಸ್ತುವೇನಲ್ಲ. ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಮಚ್ಚೆ ಕಂಡರೆ ಅದು ಚಾಲಕ್ಕುಡಿ ಹೊಳೆಯ ಸೋದರ ಜಾತಿ, ಅದೂ ಅಪಾಯದಲ್ಲೇ ಇದೆ, ಬಿಟ್ಟುಬಿಡಿ. ಮೂಲ ಹೇಳಲಾರದ, ಬಿಲ್ಲಿನಲ್ಲಿ ಬರೆದುಕೊಡದ ಅಂಗಡಿಯಿಂದ ಒಂದನ್ನೂ ತರಬೇಡಿ. ಬೇಸಿಗೆಯಲ್ಲಂತೂ ಯಾರಿಂದಲೂ ಬೇಡ, ನವೆಂಬರ್‌ಗೆ ಕಾಯಿರಿ.